ಮಲೆನಾಡಿನ ಮಳೆಗಾಲದಲ್ಲಿ ಸೂಪರ್‌ಟಕ್ಸ್‌ಕಾರ್ಟ್ ಕಂಪೈಲ್ ಮಾಡಿದ್ದು

ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆ ಕೂತು ದೊಡ್ಡದೊಂದು ಸಾಫ್ಟ್‌ವೇರನ್ನು ಸೋರ್ಸ್‌ನಿಂದ ಕಂಪೈಲ್ ಮಾಡಲು, ಅಂದರೆ ಬರೆದ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ಪ್ರೋಗ್ರಾಂ ಆಗಿಸಲು, ಹೊರಟರೆ ಎರಡು ಬಗೆಯ ಎರರ್‌ಗಳು ಬರುತ್ತವೆ. ಒಂದು ಎಲ್ಲ ಊರಲ್ಲೂ ಬರುವಂಥದ್ದು: ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇಲ್ಲ, ಹೆಡರ್ (ಆ ಲೈಬ್ರರಿಯಲ್ಲಿ ಏನಿದೆ ಎಂದು ಹೇಳುವ ಫೈಲ್) ಇಲ್ಲ, ಮೆಮೊರಿ ಸಾಲದು. ಇನ್ನೊಂದು ನಮ್ಮ ಮಳೆ ತರುವಂಥದ್ದು. ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್ ಕೂಡ ಹೋಗುತ್ತದೆ. ಮೊದಲನೆಯದಕ್ಕೆ ಎಲ್ಲಿ ಹುಡುಕಿದರೂ ಉತ್ತರ ಸಿಗುತ್ತದೆ. ಎರಡನೆಯದರ ಬಗ್ಗೆ ಬರೆದವರು ಕಡಿಮೆ. ಹಾಗಾಗಿ ಇಲ್ಲಿ ಅದನ್ನೇ ಜಾಸ್ತಿ ಹೇಳುತ್ತೇನೆ.

ಆಟದ ಹೆಸರು ಸೂಪರ್‌ಟಕ್ಸ್‌ಕಾರ್ಟ್. ಲಿನಕ್ಸ್‌ನ ಪೆಂಗ್ವಿನ್ ಟಕ್ಸ್ ಗಾಡಿ ಓಡಿಸುವ ರೇಸ್. ಕೋಡ್ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಜಿಪಿಎಲ್ ಲೈಸೆನ್ಸ್. ರೆಡಿ ಪ್ಯಾಕೇಜ್ ಹಾಕಿಕೊಂಡರೆ ಸುಮ್ನೆ ಆಡಬಹುದು. ಆದರೆ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಆಟದ ಒಳಗನ್ನು ನೋಡಬೇಕಿತ್ತು, ಒಂದೆರಡು ಸಾಲು ಬದಲಿಸಿ ಏನಾಗುತ್ತದೆ ಅಂತ ತಿಳಿಯಬೇಕಿತ್ತು. ಇದ್ದದ್ದು ಅವನ ಹಳೇ ಲ್ಯಾಪ್‌ಟಾಪ್: 4 ಜಿಬಿ ರ‍್ಯಾಮ್, ಉಬುಂಟು, ಬ್ಯಾಟರಿ ಸತ್ತಿದೆ. ವೈರ್ ಚುಚ್ಚಿದ್ದರೆ ಮಾತ್ರ ಓಡುತ್ತದೆ.

ಈ ಆಟದ ಸೋರ್ಸ್ ಎರಡು ಕಡೆ ಇದೆ. ಕೋಡ್ ಗಿಟ್‌ಹಬ್‌ನಲ್ಲಿ. ಟ್ರ್ಯಾಕ್, ಗಾಡಿ, ಚಿತ್ರ, ಸಂಗೀತವೆಲ್ಲ ಸೋರ್ಸ್‌ಫೋರ್ಜ್ ಎಂಬ ತಾಣದ ಎಸ್‌ವಿಎನ್‌ನಲ್ಲಿ. ಗಿಟ್, ಎಸ್‌ವಿಎನ್ ಎರಡೂ ಫೈಲುಗಳ ಹಳೆಯ, ಹೊಸ ರೂಪಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆಗಳು. ಎರಡೂ ಫೋಲ್ಡರ್ ಅಕ್ಕಪಕ್ಕ ಇರಬೇಕು. ಚಿತ್ರ, ಸಂಗೀತದ ಈ ಅಸೆಟ್ಸ್ ಫೋಲ್ಡರ್ ಇಲ್ಲದಿದ್ದರೆ, ಕಂಪೈಲ್‌ಗೆ ಬೇಕಾದ್ದೆಲ್ಲ ಇದೆಯೇ ಎಂದು ಮೊದಲು ನೋಡುವ ಸಿಮೇಕ್ ಮುಂದೆ ಹೋಗುವುದೇ ಇಲ್ಲ. ಗಿಟ್ ಕ್ಲೋನ್ (ಕೋಡನ್ನು ಇಳಿಸಿಕೊಳ್ಳುವ ಕಮಾಂಡ್) ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದಲೇ ಶುರು ಮಾಡಬೇಕು. ಅದಕ್ಕೆ ಡೆಪ್ತ್ 1 ಎಂಬ ಆಯ್ಕೆ ಕೊಟ್ಟು, ಹಳೆಯ ಇತಿಹಾಸ ಬಿಟ್ಟು, ಕೊನೆಯ ರೂಪವನ್ನಷ್ಟೇ ಇಳಿಸಿಕೊಂಡೆವು. ಎಸ್‌ವಿಎನ್ ಈ ವಿಷಯದಲ್ಲಿ ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ನೆಟ್ ಕಡಿದರೆ ವರ್ಕಿಂಗ್ ಕಾಪಿ (ನಮ್ಮ ಮಷಿನ್ನಿಗೆ ಇಳಿದ ಪ್ರತಿ) ಲಾಕ್ ಆಗಿದೆ ಎಂದು ಎರರ್ ಬರಬಹುದು. ಎಸ್‌ವಿಎನ್ ಕ್ಲೀನಪ್ ಕೊಟ್ಟು, ಆಮೇಲೆ ಎಸ್‌ವಿಎನ್ ಅಪ್‌ಡೇಟ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಒಂದು ಮಾತು: ಎಸ್‌ವಿಎನ್ ಪ್ರತಿ ಫೈಲಿನ ಇನ್ನೊಂದು ಪ್ರತಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಹೆಚ್ಚುಕಡಿಮೆ ಎರಡರಷ್ಟು ಜಾಗ ಬೇಕು.

ಸಿಮೇಕ್ ಹಂತದ ಎರರ್‌ಗಳು ಸುಲಭ. ನೆಟ್‌ನಿಂದ ಫೈಲ್ ತರುವ ಕರ್ಲ್ ಸಿಗಲಿಲ್ಲ ಅಂದರೆ ಕರ್ಲ್ ಪ್ರೋಗ್ರಾಂ ಇಲ್ಲ ಅಂತಲ್ಲ. ಅದರ ಹೆಡರ್‌ಗಳಿರುವ ಡೆವ್ ಪ್ಯಾಕೇಜ್ ಇಲ್ಲ ಅಂತ. ಉಬುಂಟುವಿನಲ್ಲಿ ಹೆಸರಿನ ಕೊನೆಗೆ ಡೆವ್ ಅಂತ ಇರುವುದನ್ನೇ ಹಾಕಬೇಕು. ಯಾವ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಆಪ್ಟ್-ಫೈಲ್ ಹುಡುಕಿ ಕೊಡುತ್ತದೆ. ಬೇಡದ್ದನ್ನು ಕೈಬಿಡುವ ದಾರಿಯೂ ಇದೆ. ನಿಂಟೆಂಡೊ ಕಂಪನಿಯ ವೀ ಆಟದ ಯಂತ್ರದ ರಿಮೋಟ್ ನಮ್ಮಲ್ಲಿಲ್ಲ, ಹಾಗಾಗಿ ಯೂಸ್ ವೀಯೂಸ್ ಎಂಬುದನ್ನು ಆಫ್ ಮಾಡಿದೆವು. ಬ್ಲೂಟೂತ್ ಲೈಬ್ರರಿಯ ಗೊಡವೆ ಹೋಯಿತು. ನೋ ಶೇಡರ್‌ಸಿ ಆನ್ ಮಾಡಿದರೆ ಪರದೆಯಲ್ಲಿ ಚಿತ್ರ ಮೂಡಿಸುವ ದಾರಿಗಳಲ್ಲಿ ವಲ್ಕನ್ ಬಿಟ್ಟುಹೋಗುತ್ತದೆ, ಓಪನ್‌ಜಿಎಲ್ ಇದ್ದೇ ಇರುತ್ತದೆ. ಆ ಲ್ಯಾಪ್‌ಟಾಪಿಗೆ ಅಷ್ಟು ಸಾಕು.

ನಿಜವಾಗಿ ಕಂಪೈಲ್ ನಡೆಸುವ ಮೇಕ್ ಶುರುವಾದ ಮೇಲೆ ಬರುವ ಎರರ್ ಓದುವುದಕ್ಕೆ ತಾಳ್ಮೆ ಬೇಕು. ಪರದೆಯ ಕೊನೆಯಲ್ಲಿ ಕಾಣುವ 'ಎರರ್ 2' ಏನೂ ಹೇಳುವುದಿಲ್ಲ. ಮೇಲಕ್ಕೆ ಹೋಗಿ ಮೊದಲ ಎರರ್ ಹಿಡಿಯಬೇಕು. ಸಾಲಾಗಿ ನಿಲ್ಲಿಸಿದ ಸೈಕಲ್‌ಗಳಲ್ಲಿ ಮೊದಲನೆಯದು ಬಿದ್ದರೆ ಉಳಿದವೂ ಬೀಳುತ್ತವಲ್ಲ, ಹಾಗೆ. ನಾನು ಮೇಕ್‌ನ ಮಾತೆಲ್ಲ ಟೀ ಕಮಾಂಡ್ ಮೂಲಕ ಒಂದು ಲಾಗ್ ಫೈಲಿಗೂ ಹೋಗುವಂತೆ ಮಾಡಿದ್ದೆ. ಅದನ್ನು ತೆರೆದು 'ಎರರ್' ಮುಂದೆ ಕೋಲನ್ ಇರುವ ಮೊದಲ ಸಾಲು ಹುಡುಕಿದರೆ ಆಯಿತು.

'ಕಿಲ್ಡ್' ಎಂದು ಬಂದು ಸಿಸಿ1ಪ್ಲಸ್ (ಸಿ ಪ್ಲಸ್ ಪ್ಲಸ್ ಕಂಪೈಲರ್) ನಿಂತರೆ ಕೋಡ್‌ನಲ್ಲಿ ತಪ್ಪಿಲ್ಲ. ರ‍್ಯಾಮ್ ತುಂಬಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಕಂಪೈಲರನ್ನೇ ಕೊಂದಿರುತ್ತದೆ. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ನೋಡಿದರೆ ಖಚಿತವಾಗುತ್ತದೆ. ನಾಲ್ಕು ಕೆಲಸ ಒಟ್ಟಿಗೆ ಓಡಿಸುವ ಜೆ4 ಬಿಟ್ಟು ಜೆ2 ಕೊಟ್ಟೆವು, ಮೆಮೊರಿ ಸಾಲದಾದಾಗ ಡಿಸ್ಕ್ ಬಳಸಲು ಒಂದು ಸ್ವಾಪ್ ಫೈಲ್ ಸೇರಿಸಿದೆವು. ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

ಇನ್ನು ಕರೆಂಟಿನ ವಿಷಯ. ಅರ್ಧ ಕಂಪೈಲ್ ಆಗಿದ್ದಾಗ ಗಾಳಿಮಳೆಗೆ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದಿತ್ತು.

“ಮಾವ, ಮತ್ತೆ ಮೊದಲಿಂದ ಮಾಡ್ಬೇಕಾ?”

“ಬೇಡ ಕಣೋ. ಆಗಿರೋದು ಡಿಸ್ಕ್‌ನಲ್ಲಿ ಇದ್ದೇ ಇರುತ್ತೆ.”

ಮೇಕ್ ಪ್ರತಿ ಸೋರ್ಸ್ ಫೈಲಿನ ಸಮಯವನ್ನೂ ಅದರಿಂದ ಆದ ಆಬ್ಜೆಕ್ಟ್ ಫೈಲಿನ ಸಮಯವನ್ನೂ ಹೋಲಿಸುತ್ತದೆ. ಆಬ್ಜೆಕ್ಟ್ ಹೊಸದಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕರೆಂಟ್ ಬಂದ ಮೇಲೆ ಮೇಕ್ ಕೊಟ್ಟಾಗ ಉಳಿದ ಫೈಲುಗಳಷ್ಟೇ ಕಂಪೈಲ್ ಆದವು. ಆದರೆ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಜೋಡಿಸಿ ಒಂದು ಪ್ರೋಗ್ರಾಂ ಮಾಡುವಾಗ, ಅಂದರೆ ಲಿಂಕ್ ಮಾಡುವಾಗ, ಲಿಂಕರ್ ನಿಂತಿತು. ಒಂದು ಆಬ್ಜೆಕ್ಟ್ ಫೈಲಿನ ಹೆಸರು, ಅದರ ಮುಂದೆ 'ಫೈಲ್ ನಾಟ್ ರೆಕಗ್ನೈಸ್ಡ್: ಫೈಲ್ ಟ್ರಂಕೇಟೆಡ್', ಅಂದರೆ ಫೈಲ್ ಅರ್ಧಕ್ಕೆ ಕಡಿದಿದೆ. ಎಲ್‌ಎಸ್ ಕೊಟ್ಟು ನೋಡಿದರೆ ಅದರ ಅಳತೆ 0 ಬೈಟ್. ನಾವೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಅರೆಬರೆ ಫೈಲನ್ನು ಮೇಕ್ ಅಳಿಸಿಯೇ ಹೋಗುತ್ತದೆ. ಕರೆಂಟ್ ಹೋದಾಗ ಅದಕ್ಕೆ ಆ ಅವಕಾಶವೇ ಇಲ್ಲ. ಡಿಸ್ಕ್‌ಗೆ ಪೂರ್ತಿ ಇಳಿಯದ ಫೈಲ್ ಖಾಲಿಯಾಗಿ ಉಳಿದಿತ್ತು, ಸಮಯ ಮಾತ್ರ ಹೊಸದು. ಮೇಕ್ ಅದನ್ನು ಮುಗಿದ ಕೆಲಸ ಎಂದು ನಂಬಿತು. ಫೈಂಡ್ ಕಮಾಂಡ್‌ನಿಂದ ಬಿಲ್ಡ್ ಫೋಲ್ಡರಿನಲ್ಲಿ ಸೊನ್ನೆ ಅಳತೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಹುಡುಕಿ ಅಳಿಸಿದೆವು. ಮತ್ತೆ ಮೇಕ್. ಲಿಂಕ್ ಆಯಿತು, ಆಟ ತೆರೆಯಿತು.

ಗಡಿಯಾರದ ತೊಂದರೆ ಇದಕ್ಕಿಂತ ಸೂಕ್ಷ್ಮ. ಆ ಲ್ಯಾಪ್‌ಟಾಪಿನ ಒಳಗಿನ ಪುಟ್ಟ ಬಟನ್ ಸೆಲ್ ಕೂಡ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದೆ ಬೀಳುತ್ತಿತ್ತು. ನೆಟ್ ಇದ್ದರೆ ತಾನೇ ಸರಿಮಾಡಿಕೊಳ್ಳುತ್ತದೆ. ಮಳೆಯಲ್ಲಿ ನೆಟ್ ಎಲ್ಲಿಂದ ಬರಬೇಕು? ಹುಡುಗ ಒಂದು ಸಿಪಿಪಿ (ಸಿ ಪ್ಲಸ್ ಪ್ಲಸ್ ಕೋಡ್) ಫೈಲಿನಲ್ಲಿ ಸಾಲು ಬದಲಿಸಿ ಮೇಕ್ ಕೊಟ್ಟ. ಆಟದಲ್ಲಿ ಏನೂ ಬದಲಾಗಲಿಲ್ಲ. ಕಾರಣ ಪರದೆಯ ಮೇಲೆಯೇ ಎಚ್ಚರಿಕೆಯಾಗಿ ಬಂದಿತ್ತು: 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್, ಯುವರ್ ಬಿಲ್ಡ್ ಮೇ ಬಿ ಇನ್‌ಕಂಪ್ಲೀಟ್', ಅಂದರೆ ಗಡಿಯಾರ ತಪ್ಪಿದೆ, ಕಂಪೈಲ್ ಅಪೂರ್ಣವಾಗಿರಬಹುದು. ಹಿಂದೆ ಬಿದ್ದ ಗಡಿಯಾರದ ಪ್ರಕಾರ ಅವನು ಈಗ ತಿದ್ದಿದ ಫೈಲ್ ಆಬ್ಜೆಕ್ಟ್ ಫೈಲಿಗಿಂತ ಹಳೆಯದಾಗಿತ್ತು. ಡೇಟ್ ಕಮಾಂಡ್‌ನಿಂದ ಸಮಯ ಸರಿಮಾಡಿ, ಆ ಫೈಲಿಗೆ ಟಚ್ ಕೊಟ್ಟು (ಅದರ ಸಮಯವನ್ನು ಈಗಿನದಾಗಿಸಿ), ಮೇಕ್ ಮಾಡಿದೆವು. ಅದೊಂದೇ ಫೈಲ್ ಕಂಪೈಲ್ ಆಯಿತು, ಬದಲಾವಣೆ ಕಂಡಿತು. ಬೇರೆ ದೋಷಗಳು ಜೋರಾಗಿ ಕೂಗುತ್ತವೆ. ಇದು ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಹಳೇ ಮಷಿನ್ ಇರುವವರು ಮೇಕ್‌ಗೆ ಮೊದಲು ಸಮಯ ನೋಡಿಕೊಳ್ಳಿ, ಇಲ್ಲವೇ ಆ ಸೆಲ್ ಬದಲಿಸಿಬಿಡಿ.

ಹೊಸ ಕೋಡ್ ತರುವಾಗ ಗಿಟ್ ಪುಲ್ ಜೊತೆಗೆ ಎಸ್‌ವಿಎನ್ ಅಪ್‌ಡೇಟನ್ನೂ ಮಾಡಿ. ಕೋಡ್ ಮತ್ತು ಅಸೆಟ್ಸ್ ಒಂದಕ್ಕೊಂದು ಹೊಂದಿಕೊಂಡಿರಬೇಕು. ಲೈಬ್ರರಿ ಹಾಕಿದ ಮೇಲೂ ಸಿಮೇಕ್ ಹಳೇ ಎರರನ್ನೇ ಹೇಳುತ್ತಿದ್ದರೆ ಹಿಂದೆ ಕಂಡದ್ದನ್ನು ಬರೆದಿಟ್ಟುಕೊಂಡ ಸಿಮೇಕ್‌ಕ್ಯಾಶ್ ಫೈಲ್ ಅಳಿಸಿ ಮತ್ತೆ ಓಡಿಸಿ. ಬಿಲ್ಡ್ ಫೋಲ್ಡರನ್ನೇ ಅಳಿಸುವುದು ಕೊನೆಯ ದಾರಿ. ನಮ್ಮ ಕಡೆ ಮಳೆಗಾಲದಲ್ಲಿ ಪೂರ್ತಿ ಕಂಪೈಲ್ ಆಗುವಷ್ಟು ಹೊತ್ತು ಕರೆಂಟ್ ಸಿಗುವುದೇ ಕಷ್ಟ.