ಹೋಮ್‌ಸ್ಕೂಲ್ ಗುಂಪಿಗೆ ತಿಂಗಳಿಗೊಂದು ಪತ್ರಿಕೆ, ಮಕ್ಕಳ ಕೈಲೇ ಮಾಡ್ಸೋದು ಹೇಗೆ

ಮಕ್ಕಳನ್ನ ಶಾಲೆಗೆ ಕಳಿಸದೆ ಮನೇಲೇ ಓದಿಸೋ ನಮ್ಮ ಗುಂಪಲ್ಲಿ ಹನ್ನೊಂದು ಮನೆ ಇದೆ, ಜಾಸ್ತಿ ಜನ ಬೆಂಗಳೂರಿನ ಬಸವನಗುಡಿ ಜಯನಗರ ಕಡೆಯವರು, ಒಂದು ಮನೆಯವರು ಹುಬ್ಬಳ್ಳಿಗೆ ಹೋದ್ರೂ ಗುಂಪು ಬಿಟ್ಟಿಲ್ಲ. ಮೊದಲೆಲ್ಲಾ ಸುದ್ದಿ ವಾಟ್ಸಾಪಲ್ಲೇ ಓಡ್ತಿತ್ತು, ಈ ಭಾನುವಾರ ಎಲ್ಲಿ ಸೇರೋದು, ಎನ್‌ಐಒಎಸ್ (ಮನೇಲೇ ಓದಿ ಪರೀಕ್ಷೆ ಬರೆಯೋಕೆ ಇರೋ ರಾಷ್ಟ್ರೀಯ ಮುಕ್ತ ಶಾಲೆ) ಫಾರ್ಮ್ ಯಾವಾಗ, ಯಾರ ಮನೇಲಿ ಮೈಕ್ರೋಸ್ಕೋಪ್ ಇದೆ, ಎಲ್ಲಾ ಒಂದರ ಮೇಲೊಂದು ಬಿದ್ದು ಎರಡು ದಿನದಲ್ಲಿ ಎಲ್ಲೋ ಹೂತುಹೋಗೋದು, ಅದಕ್ಕಿಂತ ಬೇಜಾರು ಅಂದ್ರೆ ಅದನ್ನೆಲ್ಲ ಓದ್ತಿದ್ದಿದ್ದು ನಾವು ದೊಡ್ಡವರು ಮಾತ್ರ, ಮಕ್ಕಳ ಸುದ್ದಿ ಮಕ್ಕಳಿಗೇ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಕಾಗದದ ಪತ್ರಿಕೆ ಶುರು ಮಾಡಿದ್ವಿ. ಬೇರೆ ಊರಿನ ಒಂದಿಬ್ರು ಹೇಗೆ ಮಾಡ್ತೀರ ಅಂತ ಕೇಳಿದ್ರು, ಅದಕ್ಕೆ ಪೂರ್ತಿಯಾಗೇ ಬರೀತಿದ್ದೀನಿ.

ಮೊದಲು ಹಾಳೆ ವಿಷಯ ಹೇಳ್ಬಿಡ್ತೀನಿ. ಒಂದೇ ಒಂದು ಎ4 ಹಾಳೆ ಸಾಕು. ಅದನ್ನ ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿದ್ರೆ ಎಂಟು ಮನೆ ಆಗತ್ತೆ, ಮಧ್ಯದಲ್ಲಿ ಉದ್ದುದ್ದ ಇರೋ ಗೆರೆ ಮೇಲೆ ನಡುವಿನ ಎರಡು ಮನೆಯಷ್ಟು ಮಾತ್ರ ಕತ್ತರಿ ಹಾಕಿ, ಉದ್ದುದ್ದಕ್ಕೆ ಮಡಚಿ ಎರಡೂ ಕಡೆಯಿಂದ ಒಳಗೆ ತಳ್ಳಿದ್ರೆ ಎಂಟು ಪುಟದ ಪುಟ್ಟ ಪುಸ್ತಕ ಬರತ್ತೆ, ಪಿನ್ನೂ ಬೇಡ ಗೋಂದೂ ಬೇಡ. ಒಂದು ಸಾಲಿನ ನಾಲ್ಕು ಮನೆ ತಲೆಕೆಳಗಾಗಿ ಬರೀಬೇಕು ಅನ್ನೋದು ನೆನಪಿರ್ಲಿ, ಮೊದಲು ಖಾಲಿ ಹಾಳೇಲಿ ಪುಸ್ತಕ ಮಾಡಿ ಪುಟದ ನಂಬರ್ ಹಾಕಿ ಬಿಚ್ಚಿ ನೋಡಿ, ಯಾವುದು ಎಲ್ಲಿ ಬರತ್ತೆ ಅಂತ ಮಕ್ಕಳಿಗೆ ತಾನಾಗೇ ಗೊತ್ತಾಗತ್ತೆ. ಪೆನ್ಸಿಲಲ್ಲಿ ಬರೆದ್ರೆ ಝೆರಾಕ್ಸಲ್ಲಿ ಮಸುಕಾಗತ್ತೆ, ಕಪ್ಪು ಜೆಲ್ ಪೆನ್ ಕೊಡಿ, ಅಂಚಲ್ಲಿ ಒಂದು ಸೆಂಟಿಮೀಟರ್ ಬಿಡ್ಸಿ, ಇಲ್ದಿದ್ರೆ ಮಷೀನು ಕೊನೆ ಅಕ್ಷರ ತಿಂದ್ಹಾಕತ್ತೆ. ಒಂದೇ ಮಗ್ಗುಲು ಪ್ರಿಂಟು, ಹಾಗಾಗಿ ಮನೆಗೊಂದು ಕಾಪಿ ಅಂದ್ರೆ ಹನ್ನೊಂದು ಝೆರಾಕ್ಸ್ ಅಷ್ಟೇ, ಖರ್ಚು ಅನ್ನೋ ಮಾತೇ ಬರಲ್ಲ.

ಇನ್ನು ಯಾರು ಬರೀಬೇಕು ಅನ್ನೋದು. ಶುರುವಲ್ಲಿ ಮೂರು ಸಂಚಿಕೆ ನಾವು ಅಮ್ಮಂದಿರೇ ಕೂತು ಕಂಪ್ಯೂಟರಲ್ಲಿ ಚೆನ್ನಾಗಿ ಟೈಪ್ ಮಾಡಿ ಬಣ್ಣ ಎಲ್ಲಾ ಹಾಕಿ ಮಾಡಿದ್ವಿ, ನೋಡೋಕೆ ಚೆನ್ನಾಗಿತ್ತು, ಆದ್ರೆ ಒಂದು ಮಗೂನೂ ಓದ್ಲಿಲ್ಲ. ನಾಲ್ಕನೇ ತಿಂಗಳು ಮಕ್ಕಳಿಗೇ ಕೊಟ್ವಿ, ಅಕ್ಷರ ಸೊಟ್ಟ, ಸಾಲು ಮೇಲೆ ಕೆಳಗೆ, ಆದ್ರೆ ಅವತ್ತು ಎಲ್ಲರೂ ನೆಲದ ಮೇಲೇ ಕೂತು ಓದಿದ್ರು, ಒಬ್ಬರದು ಒಬ್ಬರು ಕಿತ್ಕೊಂಡು. ಹಾಗಾಗಿ ನನ್ನ ಒಂದೇ ಕೇಳಿಕೆ, ದೊಡ್ಡವರು ಒಂದು ಪುಟಕ್ಕಿಂತ ಜಾಸ್ತಿ ಇಟ್ಕೋಬೇಡಿ. ಏಳು ಪುಟ ಮಕ್ಕಳದು. ಬರೆಯೋಕೆ ಬರದ ಚಿಕ್ಕವರು ಬಾಯಲ್ಲಿ ಹೇಳ್ಲಿ, ಅಕ್ಕನೋ ಅಣ್ಣನೋ ಬರ್ಕೊಳ್ಳಲಿ, ಮನೇಲಿ ತಮಿಳು ತೆಲುಗು ಮಾತಾಡೋ ಮಕ್ಕಳು ಚಿತ್ರ ಬಿಡಿಸಿ ಕೆಳಗೆ ಬರೋ ಅಷ್ಟು ಕನ್ನಡ ಬರೀಲಿ.

ತಿದ್ದೋದ್ರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಹೋದ ಏಪ್ರಿಲಲ್ಲಿ ತಾರಸಿ ಮೇಲೆ ಪೈಪ್ ನಿಲ್ಸಿ ನೆರಳು ನೋಡಿದ್ದರ ಬಗ್ಗೆ ಒಂಬತ್ತು ವರ್ಷದ ಹುಡುಗಿ ಒಬ್ಬಳು ಬರೆದಿದ್ಲು, "ಪೈಪಿನ ಒಳಗೆ ಸೂರ್ಯ ಕೂತಿದ್ದ, ಹೊರಗೆ ನೆರಳೇ ಇರ್ಲಿಲ್ಲ" ಅಂತ. ಅವರಮ್ಮ ಅದನ್ನ ಹೊಡೆದುಹಾಕಿ "ಸೂರ್ಯನು ನೆತ್ತಿಯ ಮೇಲೆ ಬಂದಾಗ ನೆರಳು ಕಾಣಿಸುವುದಿಲ್ಲ" ಅಂತ ಬರ್ಸೋಕೆ ಹೋದ್ರು, ಹುಡುಗಿ ಅತ್ತುಬಿಟ್ಲು. ಹಳೇ ಸಾಲನ್ನೇ ಉಳಿಸಿದ್ವಿ, ಆ ಸಂಚಿಕೇಲಿ ಎಲ್ಲರಿಗೂ ನೆನಪಿರೋ ಸಾಲು ಅದೊಂದೇ. ಅವತ್ತಿಂದ ನಮ್ಮ ರೂಲು ಏನು ಅಂದ್ರೆ, ವಾಕ್ಯ ಮುಟ್ಟಂಗಿಲ್ಲ, ಕಾಗುಣಿತ ತಪ್ಪಿದ್ರೆ ಆ ಪದದ ಕೆಳಗೆ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡೋದು, ಅಲ್ಪಪ್ರಾಣವೋ ಮಹಾಪ್ರಾಣವೋ ಅವರೇ ನಿಘಂಟು ತೆಗೆದು ನೋಡ್ಕೊಂಡು ಪೆನ್ನಲ್ಲಿ ಬರೀತಾರೆ.

ಆ ಪೈಪಿನ ಕಥೆನೇ ಹೇಳ್ತೀನಿ, ಯಾಕಂದ್ರೆ ತಿಂಗಳ ಚಟುವಟಿಕೆ ಹೇಗಿರ್ಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನ್ಹತ್ರ ಇಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರೋದ್ರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತೆ ಆಗಸ್ಟ್ 18ರ ಆಸುಪಾಸು, ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಶೂನ್ಯ ನೆರಳಿನ ದಿನ ಅಂತಾರೆ. ಪ್ಲಂಬರ್ ಬಿಟ್ಟುಹೋದ ಒಂದು ಅಡಿ ಪಿವಿಸಿ ಪೈಪ್ ತಗೊಳ್ಳಿ, ತಾರಸಿ ಮೇಲೆ ಸಮ ಇರೋ ಜಾಗದಲ್ಲಿ ಬಿಳಿ ಹಾಳೆ ಹಾಸಿ ನಿಲ್ಸಿ, ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ನೆಟ್ಟಗಿದೆಯಾ ನೋಡ್ಕೊಳ್ಳಿ. ಹನ್ನೊಂದೂಮುಕ್ಕಾಲಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡ್ಸಿ. ನೆರಳು ಕುಗ್ತಾ ಕುಗ್ತಾ ಬಂದು ಪೈಪಿನ ಬುಡಕ್ಕೆ ಸೇರ್ಕೊಳತ್ತೆ, ಆಗ ಮೇಲಿಂದ ತಲೆ ಅಡ್ಡ ಬರದ ಹಾಗೆ ಓರೆಯಾಗಿ ಇಣುಕಿದ್ರೆ ತಳದಲ್ಲಿ ಪೂರ್ತಿ ದುಂಡಗೆ ಬಿಸಿಲು ಬಿದ್ದಿರತ್ತೆ. ಮಕ್ಕಳು ಮೇಲಕ್ಕೆ ಸೂರ್ಯನ್ನ ನೋಡ್ಬಾರ್ದು, ಇದೊಂದು ಗಟ್ಟಿಯಾಗಿ ಹೇಳಿ.

ಹನ್ನೆರಡಕ್ಕೇ ಆಗತ್ತೆ ಅಂತ ಎಲ್ಲಾ ಕಾಯ್ತಾ ಇದ್ವಿ, ಆಗ್ಲಿಲ್ಲ, ಹನ್ನೆರಡೂಕಾಲು ದಾಟಿದ ಮೇಲೆ ಆಯ್ತು. ಯಾಕೆ ಅಂತ ಮಕ್ಕಳು ಕೇಳಿದ್ರು, ಅದೇ ಮುಂದಿನ ವಾರದ ಪಾಠ ಆಯ್ತು. ನಮ್ಮ ಗಡಿಯಾರ ಓಡೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಇರೋದು 77.6ರ ಹತ್ರ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂದ್ರೆ ಹತ್ತತ್ರ ಇಪ್ಪತ್ತು ನಿಮಿಷ ತಡ. ಗುಣಾಕಾರ ಕಂಡ್ರೆ ಓಡಿಹೋಗೋ ಹುಡುಗನೇ ಈ ಲೆಕ್ಕ ಮಾಡಿ ಪತ್ರಿಕೆಗೆ ಕೊಟ್ಟ. ಹುಬ್ಬಳ್ಳಿ ಮನೆಯವರು ಇನ್ನೊಂದು ಸುಮಾರು ಒಂದು ವಾರ ಕಾದು ಮೇ ಮೊದಲ ವಾರದಲ್ಲಿ ತಮ್ಮ ತಾರಸೀಲಿ ಅದನ್ನೇ ಮಾಡಿ ಕಾಗದ ಬರೆದ್ರು, ಸೂರ್ಯ ನಮ್ಮೂರಿಂದ ಅವರೂರಿಗೆ ನಡ್ಕೊಂಡು ಹೋದ ಹಾಗೆ ಅನ್ನಿಸ್ತು ಮಕ್ಕಳಿಗೆ. ನೋಡಿದ್ದು, ಅಳೆದಿದ್ದು, ಬರೆದಿದ್ದು, ಇನ್ನೊಂದೂರಿಂದ ಉತ್ತರ ಬಂದಿದ್ದು, ಒಂದು ಚಟುವಟಿಕೇಲಿ ಇಷ್ಟಾದ್ರೆ ಆ ತಿಂಗಳಿಗೆ ಬೇರೇನೂ ಬೇಡ.

ಬೇರೆ ತಿಂಗಳಿಗೂ ಹೀಗೇ ಆ ಕಾಲದಲ್ಲಿ ಊರಲ್ಲಿ ನಿಜವಾಗ್ಲೂ ಏನಾಗ್ತಿದೆಯೋ ಅದನ್ನೇ ಹಿಡ್ಕೊಳ್ಳಿ. ಜನವರೀಲಿ ಅವರೆಕಾಯಿ, ಜೊತೆಗೆ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಆದ್ರೆ ಆ ರಶ್ಶಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋದಕ್ಕಿಂತ ಅದು ಮುಗಿದ ಮೇಲೆ ಹೋಗಿ ಅಲ್ಲಿರೋ ಬಂಡೆ ಮೇಲೆ ಕೂರ್ಸಿ, ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಕೈಯಿಟ್ಟು ನೋಡ್ಲಿ. ಫೆಬ್ರವರೀಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರತ್ತೆ, ಕನಿಷ್ಠ 15 ನಿಮಿಷ ಒಂದು ಕಡೆ ಕೂತು ಕಂಡ ಹಕ್ಕಿ ಎಣಿಸಿ ಇಬರ್ಡ್ ಅನ್ನೋ ಹಕ್ಕಿ ಲೆಕ್ಕದ ವೆಬ್‌ಸೈಟಿಗೆ ಹಾಕೋದು, ಕಾಗೆ ಪಾರಿವಾಳ ಆದ್ರೂ ಲೆಕ್ಕಕ್ಕೆ ಬರತ್ತೆ. ಮಾರ್ಚಲ್ಲಿ ಹೊಂಗೆ ಚಿಗುರಿ ಹೂ ಬಿಡೋದನ್ನ ರಸ್ತೆಯ ಒಂದೇ ಮರ ಇಟ್ಕೊಂಡು ವಾರವಾರ ಬರ್ಕೊಳ್ಳೋದು.

ಜೂನಲ್ಲಿ ಮಳೆ ಅಳೆಯೋದು ತುಂಬಾ ಸುಲಭ. ನೆಟ್ಟಗಿರೋ ಬಾಟಲಿಯ ತಲೆ ಕತ್ತರಿಸಿ ಅದನ್ನೇ ತಿರುಗಿಸಿ ಆಲಿಕೆ ಥರ ಇಡಿ, ತಳ ಉಬ್ಬುತಗ್ಗು ಇರತ್ತಲ್ಲ, ಅಲ್ಲಿಗೆ ಕಲ್ಲು ಹಾಕಿ ನೀರು ಸಮ ಆಗೋವರೆಗೂ ತುಂಬಿ ಅದನ್ನೇ ಸೊನ್ನೆ ಅಂತ ಗುರುತು ಮಾಡಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್ ನೀರು, 30-40 ಸೈಟು ಸುಮಾರು 111 ಚದರ ಮೀಟರ್, ಅಂದ್ರೆ 10 ಮಿಲಿಮೀಟರ್ ಬಿದ್ರೆ ಆ ಸೈಟಿನ ಮೇಲೇ ಸಾವಿರದ ನೂರು ಲೀಟರ್ ಬಿತ್ತು. ಬೇಸಿಗೇಲಿ ಟ್ಯಾಂಕರಿಗೆ ಕಾದಿರೋ ಮಕ್ಕಳಿಗೆ ಈ ನಂಬರ್ ಎಷ್ಟು ತಾಗತ್ತೆ ಅಂದ್ರೆ, ಒಬ್ಬ ಹುಡುಗ ಅವತ್ತು ಸಂಜೆನೇ ಅಪ್ಪನ್ನ ಕರ್ಕೊಂಡು ಹೋಗಿ ತಾರಸಿ ಪೈಪು ನೀರಿನ ಸಂಪ್‌ಗೆ ಹೋಗತ್ತಾ ಚರಂಡಿಗೆ ಹೋಗತ್ತಾ ಅಂತ ನೋಡಿಬಂದ.

ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ನಮ್ಮ ಪತ್ರಿಕೆಗೆ ದೊಡ್ಡ ಹಬ್ಬ. ಮಕ್ಕಳನ್ನ ಬೆಳಗ್ಗೆ ಬೇಗ, ಜನ ಸೇರೋ ಮುಂಚೆ ಕರ್ಕೊಂಡು ಹೋಗಿ, ಮೊದಲು ಒಂದು ಸೇರು ಕಾಯಿ ಕೊಂಡ್ಕೊಳ್ಳಲಿ, ಆಮೇಲೆ "ಅಣ್ಣಾ, ಎಲ್ಲಿಂದ ತಂದ್ರಿ, ಎಷ್ಟು ದಿನದಲ್ಲಿ ಬೆಳೀತು, ರಾತ್ರಿ ಎಲ್ಲಿ ಮಲ್ಕೋತೀರ" ಅಂತ ಕೇಳ್ಲಿ. ಹತ್ತು ಪ್ರಶ್ನೆ ಬರ್ಕೊಂಡು ಹೋಗಿ ಒಪ್ಪಿಸೋದು ಬೇಡ, ಮೂರು ಸಾಕು, ವ್ಯಾಪಾರದ ಹೊತ್ತು ಅವರದು. ಮನೆಗೆ ಬಂದು ಆ ಒಂದು ಸೇರು ಎಷ್ಟು ಗ್ರಾಂ ಆಯ್ತು, ಸಿಪ್ಪೆ ಬಿಡಿಸಿದ ಮೇಲೆ ಎಷ್ಟು ಉಳೀತು ತೂಕ ಹಾಕಿ ಬರ್ಕೊಳ್ಳಲಿ.

ದೊಡ್ಡವರ ಆ ಒಂದು ಪುಟದಲ್ಲಿ ಮುಂದಿನ ತಿಂಗಳು ಸೇರೋ ಜಾಗ, ಯಾರ ಮನೇಲಿ ಯಾವ ಪುಸ್ತಕ ಸಾಮಾನು ಕೊಡೋಕಿದೆ, ಮತ್ತೆ ಪರೀಕ್ಷೆ ವಿಷಯ. ಎನ್‌ಐಒಎಸ್‌ನ ಹತ್ತನೇ ತರಗತಿ ಮಟ್ಟಕ್ಕೆ ಸೇರೋಕೆ 14 ತುಂಬಿರ್ಬೇಕು, ಪಬ್ಲಿಕ್ ಪರೀಕ್ಷೆ ವರ್ಷಕ್ಕೆ ಎರಡು ಸಲ ಇರತ್ತೆ. ಆದ್ರೆ ಫಾರ್ಮ್ ಹಾಕೋ ಕೊನೇ ದಿನ, ಫೀಸು ಇದೆಲ್ಲ ಯಾರೋ ಹೇಳಿದ್ದನ್ನ ಹಾಕ್ಬೇಡಿ, ಅವರ ವೆಬ್‌ಸೈಟಲ್ಲೇ ನೋಡಿ, ನೋಡಿದ ತಾರೀಖನ್ನೂ ಪಕ್ಕದಲ್ಲಿ ಬರೀರಿ. ನಮ್ಮ ಗುಂಪಲ್ಲಿ ಒಬ್ಬರು ಫಾರ್ವರ್ಡ್ ಆಗಿ ಬಂದ ತಾರೀಖು ನಂಬಿ ಮಗಳ ಆರು ತಿಂಗಳು ಕಳ್ಕೊಂಡ್ರು. ಮಕ್ಕಳ ಫೋಟೋ, ಮನೆ ವಿಳಾಸ ಪತ್ರಿಕೇಲಿ ಬೇಡ, ಪಿಡಿಎಫ್ ಮಾಡಿ ಕಳಿಸಿದ್ರೆ ಎಲ್ಲೆಲ್ಲೋ ಹೋಗತ್ತೆ, ಫೋಟೋ ಬದಲು ಚಿತ್ರ ಬಿಡಿಸಲಿ.

ತಿಂಗಳ ಲೆಕ್ಕ ಹೀಗಿಟ್ಕೊಳ್ಳಿ, ಮೊದಲ ಭಾನುವಾರ ಸೇರಿ ಯಾರು ಏನು ಬರೀತಾರೆ ಹಂಚ್ಕೊಳ್ಳೋದು, ಎರಡನೇ ವಾರ ಚಟುವಟಿಕೆ, 20ಕ್ಕೆ ಬರಹ ಕೊಡೋದು, 25ಕ್ಕೆ ಝೆರಾಕ್ಸ್. ಸಂಪಾದಕರು ಪ್ರತಿ ತಿಂಗಳು ಬೇರೆ ಬೇರೆ ಇಬ್ಬರು ಮಕ್ಕಳು, ಒಬ್ಬರು ದೊಡ್ಡವರು ಒಬ್ಬರು ಚಿಕ್ಕವರು. 20ಕ್ಕೆ ಬರಹ ಬರ್ಲಿಲ್ಲ ಅಂದ್ರೆ ಅವರೇ ಫೋನ್ ಮಾಡಿ ಕೇಳ್ತಾರೆ, ನೀವು ಮಾಡ್ಬೇಡಿ. ಆದ್ರೂ ಬರ್ಲಿಲ್ಲ ಅಂದ್ರೆ ಆ ಪುಟ ಖಾಲಿನೇ ಹೋಗ್ಲಿ, ಮೇಲೆ ಆ ಮಗು ಹೆಸರು ಬರೆದು ಬಿಡಿ, ಕಾಪಿ ಕೈಗೆ ಸಿಕ್ಕಿದ ಮೇಲೆ ಅದರಲ್ಲೇ ತುಂಬಿಸ್ಕೊಳ್ಳತ್ತೆ.