ಪಲ್ಪರ್ ಶಾಫ್ಟ್ ಮಾಡಿಸುವವರು ಇಎನ್19 ಕೇಳಿ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರಿಗೆ ಒಂದು ಸಲಹೆ. ಅರೇಬಿಕಾ ಕಾಫಿ ಕೊಯ್ಲಿಗೆ ಮೊದಲೇ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶಾಫ್ಟ್ ನೋಡಿಕೊಳ್ಳಿ. ಹೊಸದು ಮಾಡಿಸುವುದಾದರೆ ಲೇತ್ ಶಾಪಿನಲ್ಲಿ ಸುಮ್ನೆ "ಗಟ್ಟಿ ಕಬ್ಬಿಣ ಹಾಕಿ" ಅನ್ನಬೇಡಿ. ಇಎನ್19 ಅನ್ನುವ ಮಿಶ್ರಲೋಹದ ಉಕ್ಕನ್ನು ಹೆಸರು ಹೇಳಿಯೇ ಕೇಳಿ.

ಇದರಲ್ಲಿ ಸುಮಾರು ಶೇ. 0.4 ಕಾರ್ಬನ್, ಶೇ. 1ರಷ್ಟು ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಮ್ ಇರುತ್ತದೆ. ಹಾಗಾಗಿ ಕಾಯಿಸಿ ತಣಿಸಿದಾಗ ಬರುವ ಗಡಸು ಮೇಲ್ಮೈಯಲ್ಲೇ ನಿಲ್ಲದೆ ಒಳಗೂ ಇಳಿಯುತ್ತದೆ. ತಿರುಚುವ ಬಲ, ಏಟು ಎರಡನ್ನೂ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ರಾಡಿಗಿಂತ ಚೆನ್ನಾಗಿ ತಡೆಯುತ್ತದೆ. ಗೇರು, ಆಕ್ಸೆಲ್, ಬೋಲ್ಟುಗಳಿಗೂ ಇದನ್ನೇ ಬಳಸುತ್ತಾರೆ. ಇದು ಸ್ಟೇನ್‌ಲೆಸ್ ಅಲ್ಲ, ತುಕ್ಕು ಹಿಡಿಯುತ್ತದೆ. ಸೀಸನ್ ಮುಗಿದ ಮೇಲೆ ಒರೆಸಿ ಗ್ರೀಸ್ ಹಚ್ಚಿಡಿ.

ನಿಜವಾದ ಕೆಲಸ ಇರುವುದು ಹದ ಮಾಡುವುದರಲ್ಲಿ. 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಎಣ್ಣೆಯಲ್ಲಿ ತಣಿಸಬೇಕು. ನೀರಿಗೆ ಅದ್ದಿದರೆ ಸೀಳು ಬಿಡುವ ಅಪಾಯ ಜಾಸ್ತಿ. ಎಣ್ಣೆಗೆ ಹಾಕಿ ಅಷ್ಟಕ್ಕೇ ಬಿಟ್ಟರೂ ಶಾಫ್ಟ್ ಪೆಡಸಾಗಿಯೇ ಉಳಿಯುತ್ತದೆ. ತಡ ಮಾಡದೆ 550ರಿಂದ 650 ಡಿಗ್ರಿಯಲ್ಲಿ ಟೆಂಪರ್ ಮಾಡಲೇಬೇಕು, ಅಂದರೆ ಪೆಡಸು ಹೋಗುವಂತೆ ಮತ್ತೆ ಕಾಯಿಸಬೇಕು. ಆ ಶಾಖ ಏರಿದಷ್ಟೂ ಗಡಸು ಇಳಿಯುತ್ತದೆ, ತಾಳಿಕೆ ಹೆಚ್ಚುತ್ತದೆ. ಕುಲುಮೆಯ ಬಣ್ಣ ನೋಡಿ ಇದನ್ನು ಅಂದಾಜು ಮಾಡುವುದು ಕಷ್ಟ ಅಲ್ವಾ? ಅದಕ್ಕೇ ಹದ ಮಾಡಿಯೇ ಬರುವ ರಾಡ್ ತರಿಸುವುದು ನನ್ನ ಪ್ರಕಾರ ಒಳ್ಳೆಯದು. ಅದನ್ನು ಕಾರ್ಬೈಡ್ ಟೂಲಿನಲ್ಲಿ ನೇರವಾಗಿ ಕಡೆಯಬಹುದು, ಶಾಫ್ಟ್ ಸೊಟ್ಟಗಾಗುವ ಚಿಂತೆಯೂ ಇಲ್ಲ.

ಕೀವೇ (ಶಾಫ್ಟಿನಲ್ಲಿ ಕೀ ಕೂರಿಸಲು ಕೊರೆದ ಜಾಗ) ಮೂಲೆಗಳನ್ನು ಚೂಪಾಗಿ ಬಿಡಬೇಡಿ, ಸ್ವಲ್ಪ ದುಂಡು ಮಾಡಿಸಿ. ಬಿರುಕು ಶುರುವಾಗುವುದು ಹೆಚ್ಚಾಗಿ ಅಲ್ಲೇ. ಮುರಿದ ಇಎನ್19 ಶಾಫ್ಟಿಗೆ ತಣ್ಣಗಿರುವಾಗಲೇ ವೆಲ್ಡಿಂಗ್ ಮಾಡಿಸಲೇಬೇಡಿ. ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ.