ಆಯಿಯ ಚೌಡಿಕೆಗೆ ನನ್ನ ಕಂಪ್ಯೂಟರ್ ತಾಳ ಹಾಕಿದ ಬಗೆ

ಗೋವಾದ ವಾಸ್ಕೋದ ಬೈನಾದಲ್ಲಿ ನನ್ನ ಕೋಣೆ. ಕಿಟಕಿ ತೆಗೆದರೆ ಒಂದು ಕಡೆಯಿಂದ ಕೊಂಕಣಿ ಕೇಳುತ್ತದೆ, ಇನ್ನೊಂದು ಕಡೆಯಿಂದ ಗದಗ, ಬಾಗಲಕೋಟೆಯ ಕನ್ನಡ. ಹಗಲು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ. ರಾತ್ರಿ ಎಲೆಕ್ಟ್ರಾನಿಕ್ ಸಂಗೀತ.

ಗೋವಾ ಟ್ರಾನ್ಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಬೆಳೆದದ್ದು ಇಲ್ಲಿನ ಅಂಜುಣ, ವಾಗಾತೋರ್ ತೀರಗಳಲ್ಲಿ. ನಾನೂ ಅದನ್ನೇ ಕೇಳಿ ಕಲಿತವನು. ನಿಮಿಷಕ್ಕೆ 145 ಪೆಟ್ಟು, ಕೆಳಗೆ ರೋಲ್ಯಾಂಡ್ ಕಂಪನಿಯ ಟಿಬಿ-303 ಯಂತ್ರದ ಥರದ ಬೇಸ್, ಅಂದರೆ ತಗ್ಗು ಸ್ವರ. ಆ ಯಂತ್ರ ಬಂದದ್ದು 1981ರಲ್ಲಿ, 1984ಕ್ಕೇ ತಯಾರಿ ನಿಂತಿತು. ಗಿಟಾರ್ ನುಡಿಸುವವರಿಗೆ ಬೇಸ್ ಜೊತೆ ಸಿಗಲಿ ಅಂತ ಮಾಡಿದ್ದನ್ನು ಮುಂದೆ ಬಂದವರು ಗುಂಡಿ ತಿರುಗಿಸಿ ತಿರುಗಿಸಿ ಬೇರೆಯೇ ವಾದ್ಯ ಮಾಡಿಕೊಂಡರು. ನನಗೆ ಆ ಸದ್ದು ಇವತ್ತಿಗೂ ಇಷ್ಟ.

ಹಿಂದಿನ ಓಣಿಯಲ್ಲಿ ಒಬ್ಬ ಹಿರಿಯರು ಚೌಡಿಕೆ ನುಡಿಸುತ್ತಾರೆ. ಎಲ್ಲರೂ ಅವರನ್ನು ಆಯಿ ಅಂತಾರೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಇಲ್ಲಿನ ಬಹಳ ಮನೆಗಳಲ್ಲಿ ತಾಯಿ. ಅವರಿಗೆ ಎರಡೂ ಒಪ್ಪುತ್ತದೆ. ಚೌಡಿಕೆ ಗೊತ್ತಲ್ವಾ? ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜೋಗತಿಯರ ಕಂಕುಳಲ್ಲಿ ನೋಡಿರುತ್ತೀರಿ. ಮರದ ಕೊಳಗ, ತಳಕ್ಕೆ ಚರ್ಮ, ಅದರಿಂದ ಮೇಲಿನ ಕಡ್ಡಿಗೆ ಒಂದೇ ಒಂದು ತಂತಿ. ಮೀಟಿದರೆ ತಾಳವೂ ಬರುತ್ತದೆ, ಸ್ವರವೂ ಬರುತ್ತದೆ.

ಅದನ್ನು ನನ್ನ ಸಂಗೀತಕ್ಕೆ ಸೇರಿಸಬೇಕು ಅನ್ನಿಸಿತು. ಮೊದಲ ದಿನ ಆಯಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅದರಲ್ಲಿ ಟಕ್ ಟಕ್ ಅಂತ ಕ್ಲಿಕ್. ಇದರ ಜೊತೆಗೇ ನುಡಿಸಿ ಅಂದೆ. ಎರಡು ಸಾಲು ಹಾಡಿ ನಿಲ್ಲಿಸಿದರು.

"ತಮ್ಮಾ, ಕಿವ್ಯಾಗ ಯಾರೋ ಬಾಗ್ಲಾ ಬಡ್ಯಾಕತ್ತಾರ. ನಾ ಹಾಡ್ಲೊ, ಬಾಗ್ಲಾ ತೆಗೀಲೊ?"

ಹೆಡ್‌ಫೋನ್ ತೆಗೆದೆ. ಅವರು ತಮ್ಮ ಪಾಡಿಗೆ ಹಾಡಿದರು. ಮನೆಗೆ ಬಂದು ಆ ಹಾಡನ್ನು ತುಂಡು ತುಂಡು ಮಾಡಿ ಕಂಪ್ಯೂಟರಿನ 145ರ ತಾಳದ ಗೆರೆಗೆ ಅಂಟಿಸಿದೆ. ಪ್ರತಿ ಮೀಟೂ ತನ್ನ ಜಾಗದಲ್ಲಿತ್ತು, ಹಾಡು ಮಾತ್ರ ಇರಲಿಲ್ಲ. ತೀರದ ಒಂದು ಸಣ್ಣ ಕಾರ್ಯಕ್ರಮದಲ್ಲಿ ಅದನ್ನೇ ಹಾಕಿದೆ. ದೊಡ್ಡ ಸ್ಪೀಕರ್‌ನಲ್ಲಿ ಚೌಡಿಕೆ ಒಂದು ಶ್ರುತಿ, ನನ್ನ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಇನ್ನೊಂದು ಶ್ರುತಿ. ಆ ರಾತ್ರಿ ತುಂಬಾ ಬೇಜಾರಾಯಿತು. ಆಯಿ ತಪ್ಪಿರಲಿಲ್ಲ, ಅವರನ್ನು ನಾನು ತಪ್ಪಿಸಿದ್ದೆ.

ಆಮೇಲೆ ಉಲ್ಟಾ ಹೊರಟೆ. ಮೊದಲು ಕೋಣೆ ಸರಿ ಮಾಡಿದೆ. ಆಯಿಯ ಮನೆಯ ನಾಲ್ಕು ಕೌದಿಗಳನ್ನೇ ಗೋಡೆಗೆ ಇಳಿಬಿಟ್ಟೆ, ಮಾರ್ದನಿ ಸತ್ತಿತು. ಫ್ಯಾನ್ ಆಫ್. ಒಂದು ಮೈಕ್ ಚೌಡಿಕೆಗೆ, ಒಂದು ಬಾಯಿಗೆ. ಕ್ಲಿಕ್ ಇಲ್ಲ. ಆರು ನಿಮಿಷ ಹಾಡಿದರು.

ಆಮೇಲಿನದು ತಾಳ್ಮೆಯ ಕೆಲಸ. ಸಾಫ್ಟ್‌ವೇರ್‌ನಲ್ಲಿ ಹಾಡನ್ನು ಅಲುಗಾಡಿಸದೆ, ಅವರ ಒಂದೊಂದು ಪೆಟ್ಟಿಗೂ ಕೈಯಿಂದ ಗುರುತು ಹಾಕಿದೆ. ಸುಮಾರು 590 ಗುರುತು, ಮೂರು ರಾತ್ರಿ ಹಿಡಿಯಿತು. ಹಾಡು ನಿಮಿಷಕ್ಕೆ 92 ಪೆಟ್ಟಿನಲ್ಲಿ ಶುರುವಾಗಿ 104ಕ್ಕೆ ಮುಗಿಯುತ್ತದೆ. ನಡುವೆ ಉಸಿರು ತಗೊಳ್ಳುವ ಕಡೆ ಸ್ವಲ್ಪ ತಡೆಯುತ್ತದೆ. ಈಗ ಕಂಪ್ಯೂಟರಿನ ಗೆರೆಯೇ ಆಯಿಯ ಹಿಂದೆ ಬಾಗಿ ನಡೆಯುತ್ತದೆ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು), ಹೈ-ಹ್ಯಾಟ್ (ಜೋಡಿ ತಾಳದ ಸದ್ದು), ಬೇಸ್ ಎಲ್ಲ ಆ ಗೆರೆಯ ಮೇಲೆ. 145ರ ಆಸೆ ಬಿಟ್ಟೆ.

ಶ್ರುತಿಗೂ ಇದೇ ದಾರಿ. ಆಯಿಯ ಷಡ್ಜ ಕೀಬೋರ್ಡಿನ ಸಿ ಶಾರ್ಪ್‌ಗಿಂತ 35 ಸೆಂಟ್ ಮೇಲೆ ಕೂರುತ್ತದೆ. ಸೆಂಟ್ ಅಂದರೆ ಸ್ವರದ ಅಂತರದ ಅಳತೆ, ಕೀಬೋರ್ಡಿನ ಎರಡು ಅಕ್ಕಪಕ್ಕದ ಕೀಲಿಗಳ ನಡುವೆ 100 ಸೆಂಟ್ ಅಂತ ಲೆಕ್ಕ. ಆಟೋಟ್ಯೂನ್ ಹಾಕಿ ಅವರನ್ನು ಕೆಳಗೆ ಎಳೆಯಬಹುದಿತ್ತು. ಎಳೆಯಲಿಲ್ಲ. ಸಿಂಥ್‌ನ ಮಾಸ್ಟರ್ ಟ್ಯೂನಿಂಗ್ (ಇಡೀ ಕೀಬೋರ್ಡಿನ ಶ್ರುತಿ) 440 ಹರ್ಟ್ಸ್ ಇರುತ್ತದೆ, ಅದನ್ನು 449ಕ್ಕೆ ಏರಿಸಿದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ, ತಂಬೂರಿಯೊಳಗಿಂದ ತಾನಾಗಿ ಕೇಳುವ ಗಾಂಧಾರ 386. ಆ 14 ಸೆಂಟ್ ಇಳಿಸಿದ ಮೇಲೆ ಪ್ಯಾಡ್ ಸದ್ದು, ಅಂದರೆ ಹಿನ್ನೆಲೆಯ ಉದ್ದನೆಯ ಸ್ವರ, ಚೌಡಿಕೆಯ ಪಕ್ಕ ಸುಮ್ನೆ ಕೂತುಬಿಟ್ಟಿತು. ಅವತ್ತು ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಹಾಡಿಗೆ ಸೇರಿಸಿದ ಘುಮಟದ್ದು ಬೇರೆ ಕಥೆ. ಗೋವಾದ ಮಣ್ಣಿನ ವಾದ್ಯ, ಚೌತಿಯ ಆರತಿಗೆ ಬೇಕೇ ಬೇಕು. ಮೊದಲು ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಡಿ ಅದು ಕಾನೂನುಬಾಹಿರ, ಈಗ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಇದನ್ನು ಪಾರಂಪರಿಕ ವಾದ್ಯ ಅಂತ ಸಾರಿತು. ಮಡಕೆಗೆ ಎರಡು ಬಾಯಿ. ದೊಡ್ಡದಕ್ಕೆ ಚರ್ಮ, ಸಣ್ಣದು ತೆರೆದಿರುತ್ತದೆ. ಬಲಗೈ ಬಡಿಯುವಾಗ ಎಡಗೈ ಸಣ್ಣ ಬಾಯನ್ನು ಮುಚ್ಚಿ ತೆಗೆದು ಸದ್ದನ್ನು ಬಗ್ಗಿಸುತ್ತದೆ. ಎರಡೂ ಕಡೆ ಮೈಕ್ ಇಟ್ಟೆ. ಕೂಡಿಸಿ ಕೇಳಿದರೆ ಗುಂ ಅನ್ನುವುದೇ ಮಾಯ! ಚರ್ಮ ಒಳಗೆ ಹೋದಾಗ ಹಿಂದಿನ ಬಾಯಿಂದ ಗಾಳಿ ಹೊರಗೆ ನುಗ್ಗುತ್ತದೆ. ಎರಡು ಮೈಕ್ ಒಂದಕ್ಕೊಂದು ಎದುರು ಸದ್ದು ಹಿಡಿದು ಅಳಿಸಿಕೊಳ್ಳುತ್ತವೆ. ಒಂದರ ಪೋಲಾರಿಟಿ ತಿರುಗಿಸಿದ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿದ ತಕ್ಷಣ ಮಡಕೆಯ ಹೊಟ್ಟೆ ತುಂಬಿ ಬಂತು. ಘುಮಟ ಬಂದಲ್ಲೆಲ್ಲ ಕಿಕ್ ಅನ್ನು ತಗ್ಗಿಸುತ್ತೇನೆ. ಕೆಳಗಿನ ಜಾಗ ಒಬ್ಬರಿಗೇ ಸಾಕು.

ಇನ್ನೊಂದು ವಿಷಯ ಕಲಿಸಿದ್ದು ಜಿಂಬಾಬ್ವೆಯ ಎಂಬಿರಾ. ಮರದ ಹಲಗೆಗೆ ಲೋಹದ ನಾಲಗೆಗಳು, ಹೆಬ್ಬೆರಳಲ್ಲಿ ಮೀಟುತ್ತಾರೆ. ಬಾಟಲಿ ಮುಚ್ಚಳಗಳನ್ನು ಬೇಕೆಂದೇ ಹಲಗೆಗೆ ಸಿಕ್ಕಿಸಿರುತ್ತಾರೆ, ಜಿರ್ ಅನ್ನಲಿ ಅಂತ. 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಇದು. ಅದನ್ನು ಓದಿದಾಗ ಕೈ ನಿಂತಿತು. ಚೌಡಿಕೆಯ ತಂತಿಯ ಜಿರ್ ಸದ್ದನ್ನು ನಾನು ನಾಯ್ಸ್ ಅಂದುಕೊಂಡು ಫಿಲ್ಟರ್ ಹಾಕಿ ಒರೆಸುತ್ತಿದ್ದೆ. ತಂಬೂರಿಗೆ ನಮ್ಮವರು ದಾರ ಇಟ್ಟು ಜೀವಾಳಿ ಕೂರಿಸುವುದೂ ಇದೇ ಸದ್ದಿಗಾಗಿ ಅಲ್ವಾ! ಫಿಲ್ಟರ್ ಎಲ್ಲ ತೆಗೆದೆ. ಆ ಜಿರ್ ಅನ್ನೇ ಡಿಲೇಗೆ (ಸದ್ದನ್ನು ತಡಮಾಡಿ ಮತ್ತೆ ಮತ್ತೆ ಕೇಳಿಸುವ ಸಾಧನ) ಕಳಿಸಿ ಹಾಡಿನ ಕೊನೆಯ ಎರಡು ನಿಮಿಷ ಕಟ್ಟಿದೆ. ಇಡೀ ಹಾಡಿನಲ್ಲಿ ನನಗೆ ಜಾಸ್ತಿ ಹಿಡಿಸಿದ ಭಾಗ ಅದು.

ಇದಕ್ಕೆಲ್ಲ ಮೊದಲು ಕೇಳಬೇಕಾದ ಮಾತನ್ನು ನಾನು ತಡವಾಗಿ ಕೇಳಿದೆ. "ಆಯಿ, ಇದನ್ನ ಪಾರ್ಟಿಯಲ್ಲಿ ಹಾಕಬಹುದಾ?"

ಸ್ವಲ್ಪ ಹೊತ್ತು ಚೌಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಅವ್ವನ ಪದ ಕುಡಿಯೋ ಜಾಗದಾಗ ಬ್ಯಾಡ. ಬೀಸೂಮುಂದ ಹಾಡ್ತಿದ್ವಲ್ಲ, ಅದನ್ನ ಹಾಡ್ತೀನಿ. ಅದು ನಂದು."

ಅಲ್ಲಿತನಕ ಹಾಡಿಸಿದ್ದು ಎಲ್ಲಮ್ಮನ ಪದ. ಅದರ ರೆಕಾರ್ಡಿಂಗ್ ಆಯಿಯ ಮೊಮ್ಮಗನ ಫೋನಿಗೆ ಹಾಕಿ, ನನ್ನ ಕಡೆಯದು ಅಳಿಸಿದೆ. ಬೀಸುವ ಪದದಿಂದ ಮತ್ತೆ ಶುರು. ಮತ್ತೆ ಗುರುತು, ಮತ್ತೆ ಮೂರು ರಾತ್ರಿ. ಹಾಡಿದ ದಿನವೇ ಕೂಲಿ ಕೊಟ್ಟೆ, ಹಾಡಿನ ಮೇಲೆ ಅವರ ಹೆಸರು ಮೊದಲು ಹಾಕಿದೆ, ಬರುವ ರಾಯಧನದಲ್ಲಿ ಅರ್ಧ ಅಂತ ಕನ್ನಡದಲ್ಲೇ ಬರೆದು ಓದಿ ಹೇಳಿದೆ. ಹಾಡುವವರಿಗೂ ನುಡಿಸುವವರಿಗೂ ರಾಯಧನದ ಹಕ್ಕು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲೇ ಇದೆ. ಈ ಕೆಲಸ ಮಾಡುವ ಎಲ್ಲರೂ ದಯವಿಟ್ಟು ಅದನ್ನು ಓದಿ.

ಮುಗಿದ ಹಾಡನ್ನು ಆಯಿಯ ಮನೆಯಲ್ಲೇ ಸಣ್ಣ ಸ್ಪೀಕರ್ ಇಟ್ಟು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಎರಡನೇ ನುಡಿಯ ಕೊನೆಗೆ ಕೈ ಎತ್ತಿದರು.

"ಇಲ್ಲಿ ನಾ ಉಸರ ತಗೊಂಡೇನಿ. ನಿನ್ನ ಡೊಳ್ಳೂ ತಡದೈತಿ ನೋಡು."

ಆಮೇಲೆ ಮೊದಲಿಂದ ಹಚ್ಚು ಅಂದರು.